ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ?

ಮಲೆನಾಡಿನಲ್ಲಿ ಕಾರು ಮುಂದಕ್ಕೆ ಓಡುವುದಷ್ಟೇ ಅಲ್ಲ, ಹಿಂದಕ್ಕೂ ಬಹಳ ಓಡುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಒಳಗಿನ ಮನೆಗಳಿಗೆ ಇಳಿಯುವ ದಾರಿಗಳು ಹೆಚ್ಚಿನವು ಒಂದೇ ಗಾಡಿಯ ಅಗಲದವು. ಒಂದು ಮಗ್ಗುಲಿಗೆ ದರೆ, ಇನ್ನೊಂದು ಮಗ್ಗುಲಿಗೆ ತೋಟದ ಅಗಳ. ಎದುರಿಗೆ ಅಡಿಕೆ ಮೂಟೆ ಹೇರಿಕೊಂಡ ಪಿಕಪ್ ಬಂದರೆ ಇಬ್ಬರಲ್ಲಿ ಒಬ್ಬರು ಹಿಂದೆ ಸರಿಯಲೇಬೇಕು. ಅಂಗಳದಲ್ಲಿ ತಿರುಗಿಸಲು ಜಾಗವಿಲ್ಲದಿದ್ದರೆ ಟಾರು ರಸ್ತೆ ಸಿಗುವವರೆಗೂ ರಿವರ್ಸಿನಲ್ಲೇ ಏರು ಹತ್ತಬೇಕು. ಬೀದಿದೀಪವಿಲ್ಲದ ಕಡೆ, ಜಡಿಮಳೆಯ ರಾತ್ರಿ, ಬ್ರೇಕ್ ಲೈಟಿನ ಕೆಂಪಿನಲ್ಲಿ ಒದ್ದೆ ದರೆ, ಕೆಸರು, ಅಗಳದ ಕತ್ತಲು ಎಲ್ಲ ಒಂದೇ ಬಣ್ಣ. ಅಂಚು ಎಲ್ಲಿ ಮುಗಿಯಿತು ಎಂದು ತೋರಿಸುವುದು ಹಿಂಬದಿಯ ಆ ಸಣ್ಣ ಬಿಳಿ ರಿವರ್ಸ್ ಲೈಟ್ ಒಂದೇ.

ಆದರೂ ಗಾಡಿಯ ದೀಪಗಳಲ್ಲಿ ಹೆಚ್ಚು ಅಸಡ್ಡೆಗೆ ಸಿಕ್ಕಿರುವುದು ಇದೇ. ಹೆಡ್‌ಲೈಟ್ ಹೋದರೆ ಅದೇ ರಾತ್ರಿ ಗೊತ್ತಾಗುತ್ತದೆ. ಬ್ರೇಕ್ ಲೈಟ್ ಹೋದರೆ ಹಿಂದೆ ಬಂದವರು ಯಾರಾದರೂ ಹೇಳುತ್ತಾರೆ. ರಿವರ್ಸ್ ಲೈಟ್ ಹೋಗಿ ತಿಂಗಳಾದರೂ ಸುದ್ದಿಯಿಲ್ಲ. ಗೊತ್ತಾದ ಮೇಲೂ ಅಂಗಡಿಯಲ್ಲಿ ನಡೆಯುವ ಮಾತು ಒಂದೇ: "ಬಲ್ಬ್ ಹೋಗಿರ್ಬೇಕು ಮಾರಾಯ್ರೆ, ಒಂದು ಹೊಸದು ಹಾಕಿಬಿಡಿ." ಹಾಕಿದಾಗ ಎಷ್ಟೋ ಸಲ ಉರಿಯುತ್ತದೆ, ಹದಿನೈದು ದಿನಕ್ಕೆ ಮತ್ತೆ ಆರುತ್ತದೆ. ಬಲ್ಬ್ ತೆಗೆದು ಹಾಕುವಾಗ ಹೋಲ್ಡರಿನ ಕಿಲುಬು ಹಿಡಿದ ಪಿನ್ನು ಕೊಂಚ ಉಜ್ಜಿಕೊಂಡು, ಆ ಹೊತ್ತಿಗೆ ಕಾಂಟ್ಯಾಕ್ಟ್ ಸಿಕ್ಕಿರುತ್ತದೆ, ಅಷ್ಟೆ. ಹಳೆಯ ಬಲ್ಬನ್ನೇ ತೆಗೆದು ಮತ್ತೆ ಕೂರಿಸಿದ್ದರೂ ಉರಿಯುತ್ತಿತ್ತು. ಹಾಗಾಗಿ ಮೊದಲು ಕೇಳಬೇಕಾದ್ದು ಯಾವ ಸಾಮಾನು ಕೆಟ್ಟಿದೆ ಎಂದಲ್ಲ, ಕರೆಂಟು ಎಲ್ಲಿಯವರೆಗೆ ಬಂದು ನಿಂತಿದೆ ಎಂದು. ಇದಕ್ಕೆ ಉತ್ತರ ಸಿಕ್ಕರೆ ಯಾವ ಸಾಮಾನು ಎಂಬುದು ತಾನಾಗಿ ಸಿಗುತ್ತದೆ.

ಮ್ಯಾನುವಲ್ ಗೇರಿನ ಗಾಡಿಯಲ್ಲಿ ಈ ದೀಪದ ದಾರಿ ತುಂಬ ಸರಳ. ಬ್ಯಾಟರಿಯಿಂದ ಹೊರಟ ಕರೆಂಟು ಇಗ್ನಿಷನ್ ಸ್ವಿಚ್ ದಾಟಿ ಒಂದು ಫ್ಯೂಸಿಗೆ ಬರುತ್ತದೆ. ಅಲ್ಲಿಂದ ಗೇರ್‌ಬಾಕ್ಸಿಗೆ ತಿರುಪಿ ಕೂರಿಸಿದ ರಿವರ್ಸ್ ಸ್ವಿಚ್ಚಿಗೆ. ರಿವರ್ಸ್ ಗೇರ್ ಬಿದ್ದಾಗ ಒಳಗಿನ ಶಾಫ್ಟು ಸ್ವಿಚ್ಚಿನ ಮೂತಿಯಲ್ಲಿರುವ ಸಣ್ಣ ಗುಂಡನ್ನೋ ಕಡ್ಡಿಯನ್ನೋ ಒತ್ತುತ್ತದೆ, ಸ್ವಿಚ್ಚು ಕೂಡಿಕೊಳ್ಳುತ್ತದೆ. ಮುಂದೆ ಉದ್ದನೆಯ ವೈರಿಂಗ್ ಹಾದು ಹಿಂದಿನ ದೀಪಕ್ಕೆ, ದೀಪದಿಂದ ಡಿಕ್ಕಿಯೊಳಗೆ ಬೋಲ್ಟ್ ಹಾಕಿದ ಅರ್ಥಿಂಗ್ ವೈರಿಗೆ, ಅಲ್ಲಿಂದ ಬಾಡಿಯ ಮೂಲಕ ಬ್ಯಾಟರಿಗೆ ವಾಪಸ್. ಈ ಸರಪಳಿಯಲ್ಲಿ ಎಲ್ಲಿ ಕೊಂಡಿ ಬಿಟ್ಟರೂ ಹೊರಗೆ ಕಾಣುವುದು ಒಂದೇ, ಕತ್ತಲೆ. ಆಟೊಮ್ಯಾಟಿಕ್ ಗಾಡಿಗಳಲ್ಲಿ ಗೇರಿನ ಸ್ಥಾನ ಹೇಳುವ ಬೇರೆ ಸ್ವಿಚ್ಚು ಈ ಕೆಲಸ ಮಾಡುತ್ತದೆ. ಹೊಸ ಗಾಡಿಗಳು ಹಲವದರಲ್ಲಿ ನಡುವೆ ದೀಪಗಳನ್ನು ನಡೆಸುವ ಬಾಡಿ ಕಂಪ್ಯೂಟರ್ ಇದೆ. ಆ ವಿಷಯ ಆಮೇಲೆ.

ಸ್ಪ್ಯಾನರ್ ಹಿಡಿಯುವ ಮೊದಲು ಕಣ್ಣಿಗೆ ಒಂದಷ್ಟು ಕೆಲಸವಿದೆ. ಗಾಡಿಯನ್ನು ಸಂಜೆ ಹೊತ್ತು ಗೋಡೆಗೆ ಹಿಂಬದಿ ಮಾಡಿ ಮಟ್ಟಸ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗಾಲಿಗೆ ಕಲ್ಲು ಕೊಡಿ. ಎಂಜಿನ್ ಚಾಲು ಮಾಡುವುದು ಬೇಡ, ಕೀಲಿಯನ್ನು ಆನ್‌ವರೆಗೆ ತಿರುಗಿಸಿ ರಿವರ್ಸ್ ಗೇರ್ ಹಾಕಿ. ಒಬ್ಬರೇ ಇದ್ದರೂ ಗೋಡೆಯ ಮೇಲಿನ ಬೆಳಕಿನಲ್ಲಿ ಎಲ್ಲ ಗೊತ್ತಾಗುತ್ತದೆ. ಒಂದು ಎಚ್ಚರಿಕೆ: ಎಂಜಿನ್ ಆಫ್ ಇದ್ದಾಗ ರಿವರ್ಸ್ ಗೇರ್ ಕೆಲವೊಮ್ಮೆ ಪೂರ್ತಿ ಕೂರುವುದಿಲ್ಲ. ಹಲ್ಲಿಗೆ ಹಲ್ಲು ಎದುರಾಗಿ ನಿಂತಿರುತ್ತದೆ, ಗೇರ್ ಕೋಲು ಮಾತ್ರ ಬಂದಂತೆ ಕಾಣುತ್ತದೆ, ಸ್ವಿಚ್ಚಿನ ಗುಂಡು ಒತ್ತಿರುವುದಿಲ್ಲ. ಕ್ಲಚ್ ಬಿಟ್ಟು ಮತ್ತೆ ಒತ್ತಿ, ಬೇಕಾದರೆ ನ್ಯೂಟ್ರಲ್‌ಗೆ ತಂದು ಗಾಡಿಯನ್ನು ಒಂದು ಗೇಣು ಅಲುಗಿಸಿ, ಗೇರು ಕಚ್ಚಿಕೊಂಡದ್ದು ಕೈಗೆ ತಿಳಿಯುವಂತೆ ಹಾಕಬೇಕು. ಇದನ್ನು ಮಾಡದೆ ಸ್ವಿಚ್ಚು ಕೆಟ್ಟಿದೆ ಎಂದು ತೀರ್ಮಾನಿಸಿ ಹೊಸದು ತರಿಸಿದವರಿದ್ದಾರೆ.

ಈಗ ನೋಡಬೇಕು. ಎರಡು ದೀಪದ ಗಾಡಿಯಲ್ಲಿ ಒಂದೇ ಆರಿದ್ದರೆ ಫ್ಯೂಸು, ಸ್ವಿಚ್ಚು, ಮುಖ್ಯ ವೈರು ಸರಿಯಿವೆ. ದೋಷ ಆ ಬದಿಯ ಬಲ್ಬು, ಹೋಲ್ಡರ್ ಅಥವಾ ಅರ್ಥಿಂಗಿನಲ್ಲಿದೆ, ಬಾನೆಟ್ ತೆಗೆಯುವ ಅಗತ್ಯವೇ ಇಲ್ಲ. ಎರಡೂ ಆರಿದ್ದರೆ ಮೊದಲು ಅನುಮಾನಿಸಬೇಕಾದ್ದು ಎರಡಕ್ಕೂ ಸೇರಿದ ಭಾಗವನ್ನು. ಎರಡು ಬಲ್ಬು ಒಂದೇ ದಿನ ಸಾಯುವುದು ಅಪರೂಪ. ಆದರೆ ಒಂದು ಆರು ತಿಂಗಳ ಹಿಂದೆಯೇ ಸತ್ತು, ಯಾರೂ ಗಮನಿಸದೆ, ಈಗ ಇನ್ನೊಂದೂ ಹೋಗಿರುವುದು ಅಪರೂಪವಲ್ಲ. ಇನ್ನು ಕೆಲವು ಗಾಡಿಗಳಿಗೆ ಕಂಪನಿಯಿಂದಲೇ ಒಂದೇ ರಿವರ್ಸ್ ಲೈಟು, ಇನ್ನೊಂದು ಬದಿಯಲ್ಲಿ ಮಂಜಿನ ಕೆಂಪು ದೀಪವೋ ಖಾಲಿ ಗೂಡೋ ಇರುತ್ತದೆ. ಇಲ್ಲದ ಬಲ್ಬನ್ನು ಹುಡುಕುವ ಮೊದಲು ಗಾಡಿಯ ಪುಸ್ತಕ ನೋಡಿಕೊಳ್ಳಿ.

ಸೆನ್ಸರ್ ಸದ್ದು ಮಾಡುತ್ತಿದೆಯೇ, ಕ್ಯಾಮೆರಾ ಬರುತ್ತಿದೆಯೇ ಎಂಬುದೂ ಒಳ್ಳೆಯ ಸಾಕ್ಷಿ. 2019ರ ಜುಲೈ 1ರಿಂದ ಹೊಸ ಕಾರುಗಳಿಗೆ ರಿವರ್ಸ್ ಪಾರ್ಕಿಂಗ್ ಸೆನ್ಸರ್ ಕಡ್ಡಾಯವಾಗಿರುವುದರಿಂದ ಈಚಿನ ಎಲ್ಲ ಗಾಡಿಗಳಲ್ಲೂ ಇದು ಸಿಗುತ್ತದೆ. ಸೆನ್ಸರ್ ಕೂಗುತ್ತಿದೆ, ದೀಪ ಇಲ್ಲ ಎಂದಾದರೆ ಗೇರ್‌ಬಾಕ್ಸಿನ ಸ್ವಿಚ್ಚು ಬಹುಮಟ್ಟಿಗೆ ತನ್ನ ಕೆಲಸ ಮಾಡಿದೆ. ಹಿಂದಿನ ಭಾಗಕ್ಕೆ ಹೋಗಿ ಹುಡುಕಿ. ಎರಡೂ ಇಲ್ಲವೆಂದರೆ ಮುಂದಿನಿಂದ ಶುರು ಮಾಡಿ.

ಬಲ್ಬಿನ ವಿಷಯ ಬೇಗ ಮುಗಿಸಬಹುದು. ಸಾಮಾನ್ಯವಾಗಿ ಸಿಗುವುದು ಎರಡು ಜಾತಿ: ತಿರುಗಿಸಿ ಕೂರಿಸುವ, ಹಿತ್ತಾಳೆ ತಳದ 21 ವ್ಯಾಟಿನ ಪಿ21ಡಬ್ಲ್ಯು, ಮತ್ತು ನೇರ ಒತ್ತಿ ಕೂರಿಸುವ, ಗಾಜಿನ ತಳದ 16 ವ್ಯಾಟಿನ ಡಬ್ಲ್ಯು16ಡಬ್ಲ್ಯು. ಬಲ್ಬನ್ನು ಬೆಳಕಿಗೆ ಹಿಡಿದು ನೋಡಿ. ತಂತಿ ಕಡಿದಿದ್ದರೆ ಕಾಣುತ್ತದೆ. ಗಾಜಿನ ಒಳಗೆ ಬೂದಿಯಂತೆ ಬಿಳಿ ಪುಡಿ ಕೂತಿದ್ದರೆ ಎಲ್ಲೋ ಸೀಳಿ ಗಾಳಿ ಹೊಕ್ಕಿ ಟಂಗ್‌ಸ್ಟನ್ ಸುಟ್ಟಿದೆ ಎಂದರ್ಥ. ಬಿಸಿ ದೀಪದ ಮೇಲೆ ತಣ್ಣೀರು ತೊಟ್ಟಿಕ್ಕಿದಾಗ ಹೀಗಾಗಬಹುದು, ಹಾಗಾಗಿ ದೀಪದ ಗೂಡಿನೊಳಗೆ ನೀರು ಹೋಗುತ್ತಿದೆಯೇ ಎಂದೂ ನೋಡಬೇಕು. ಮಲ್ಟಿಮೀಟರಿನಲ್ಲಿ ಅಳೆದರೆ ತಣ್ಣಗಿನ 21 ವ್ಯಾಟಿನ ಬಲ್ಬು ಒಂದು ಓಮಿಗಿಂತ ಕಡಿಮೆ ತೋರಿಸುತ್ತದೆ. ಅದು ಶಾರ್ಟ್ ಅಲ್ಲ, ಉರಿಯುವಾಗ ತಂತಿ ಕಾದು ಅದೇ 7 ಓಮಿನ ಹತ್ತಿರ ಏರುತ್ತದೆ.

ಫ್ಯೂಸು ಹಾರಿದ್ದರೆ ಹೊಸದು ಹಾಕುವ ಮುನ್ನ ಒಂದು ಮಾತು. 21 ವ್ಯಾಟಿನ ಎರಡು ಬಲ್ಬು ಸೇರಿ ಎಳೆಯುವುದು ಸುಮಾರು ಮೂರೂವರೆ ಆಂಪಿಯರ್. ಅದಕ್ಕೆ 10 ಆಂಪಿಯರಿನ ಕೆಂಪು ಫ್ಯೂಸು ತಾನಾಗಿ ಸುಡಬೇಕಾದ ಕಾರಣವೇ ಇಲ್ಲ. ಹಾರಿದೆ ಎಂದರೆ ಎಲ್ಲೋ ವೈರು ಬಾಡಿಗೆ ತಾಗಿದೆ. ಯಾವ ಗಳಿಗೆಯಲ್ಲಿ ಹಾರುತ್ತದೆ ಎಂಬುದೇ ಜಾಗ ಹೇಳುತ್ತದೆ: ಕೀಲಿ ತಿರುಗಿಸಿದ ಕೂಡಲೇ ಹಾರಿದರೆ ದೋಷ ಫ್ಯೂಸಿಗೂ ಸ್ವಿಚ್ಚಿಗೂ ನಡುವೆ, ರಿವರ್ಸ್ ಹಾಕಿದಾಗ ಮಾತ್ರ ಹಾರಿದರೆ ಸ್ವಿಚ್ಚಿನಿಂದ ಆಚೆಗೆ. ಅದೇ ಫ್ಯೂಸಿನಿಂದ ಬೇರೆ ಸಾಮಾನಿಗೂ ಲೈನ್ ಹೋಗಿರಬಹುದು, ಫ್ಯೂಸ್ ಮುಚ್ಚಳದ ಪಟ್ಟಿ ನೋಡಿಕೊಳ್ಳಿ. ಫ್ಯೂಸ್ ಮೇಲೆ ಫ್ಯೂಸ್ ಸುಡುವ ಬದಲು, ರಿವರ್ಸ್ ಬಲ್ಬುಗಳನ್ನೂ ಕ್ಯಾಮೆರಾದ ಕಪ್ಲರನ್ನೂ (ವೈರು ಸೇರಿಸುವ ಪ್ಲಾಸ್ಟಿಕ್ ಜೋಡಣೆ) ಬಿಚ್ಚಿಟ್ಟು, ಫ್ಯೂಸಿನ ಜಾಗದಲ್ಲಿ 12 ವೋಲ್ಟಿನ ಟೆಸ್ಟ್ ಲ್ಯಾಂಪ್, ಅಂದರೆ ಎರಡು ವೈರು ಕಟ್ಟಿದ ಸಣ್ಣ ಬಲ್ಬು, ಸೇರಿಸಿ. ಶಾರ್ಟ್ ಇರುವವರೆಗೆ ಅದು ಜೋರಾಗಿ ಉರಿಯುತ್ತದೆ. ವೈರಿಂಗನ್ನು ಅಲ್ಲಲ್ಲಿ ಅಲುಗಿಸುತ್ತ, ಕಪ್ಲರುಗಳನ್ನು ಒಂದೊಂದಾಗಿ ಕಳಚುತ್ತ ಹೋದರೆ ಎಲ್ಲಿ ಕೈ ಇಟ್ಟಾಗ ಆರಿತೋ ಅಲ್ಲೇ ಗಾಯ. 10ರ ಜಾಗಕ್ಕೆ 20 ಆಂಪಿಯರಿನ ಹಳದಿ ಫ್ಯೂಸು ಹಾಕಿ ಸುಮ್ಮನಾಗುವುದು ತಪ್ಪು. ಆಗ ಫ್ಯೂಸಿನ ಬದಲು ವೈರೇ ಕಾದು ಕರಗುತ್ತದೆ.

ಫ್ಯೂಸು ಸರಿಯಿದ್ದೂ ಎರಡೂ ದೀಪ ಇಲ್ಲ ಎಂದಾಗ ನೇರ ಗೇರ್‌ಬಾಕ್ಸಿನ ಸ್ವಿಚ್ಚಿಗೆ ಹೋಗುವುದೇ ಲೇಸು. ಅದು ಸರಪಳಿಯ ನಡುಮಧ್ಯ, ಅಲ್ಲಿ ಒಂದು ಪರೀಕ್ಷೆ ಮಾಡಿದರೆ ಅರ್ಧ ಗಾಡಿ ಅನುಮಾನದಿಂದ ಹೊರಗೆ ಬೀಳುತ್ತದೆ. ಮುಂದಿನ ಗಾಲಿ ಎಳೆಯುವ ಸಣ್ಣ ಕಾರುಗಳಲ್ಲಿ ಏರ್ ಫಿಲ್ಟರಿನ ಡಬ್ಬ ಅಥವಾ ಬ್ಯಾಟರಿ ತೆಗೆದರೆ ಮೇಲಿಂದಲೇ ಕೈ ಹೋಗಬಹುದು. ಬ್ಯಾಟರಿಯನ್ನೇ ತೆಗೆಯಬೇಕಾದರೆ ಕಪ್ಲರಿಗೆ ಮೊದಲೇ ವೈರು ಕಟ್ಟಿ ಹೊರಗೆ ತಂದುಕೊಂಡು, ಬ್ಯಾಟರಿ ವಾಪಸ್ ಕೂರಿಸಿ ಪರೀಕ್ಷೆ ಮಾಡಬೇಕು. ಉಳಿದವುಗಳಿಗೆ ಕೆಳಗಿನಿಂದ ಹೋಗಬೇಕು. ಅಂಗಳದ ಮಣ್ಣು ಮಳೆಗಾಲದಲ್ಲಿ ಜಾಕನ್ನು ನುಂಗುತ್ತದೆ. ಅಡಿಗೆ ಗಟ್ಟಿ ಹಲಗೆ ಕೊಡಿ, ಸ್ಟ್ಯಾಂಡ್ ಇಲ್ಲದೆ ಬರೀ ಜಾಕಿನ ಮೇಲೆ ನಿಂತ ಗಾಡಿಯ ಕೆಳಗೆ ತಲೆ ಹಾಕಬೇಡಿ.

ಸ್ವಿಚ್ಚಿನಿಂದ ಎರಡು ಪಿನ್ನಿನ ಕಪ್ಲರ್ ಕಳಚಿ, ಕೀಲಿ ಆನ್ ಮಾಡಿ. ವೈರಿಂಗಿನ ಕಡೆಯ ಎರಡು ತೂತುಗಳಲ್ಲಿ ಒಂದರಲ್ಲಿ ಟೆಸ್ಟ್ ಲ್ಯಾಂಪ್ ಉರಿಯಬೇಕು. ಯಾವುದರಲ್ಲೂ ಉರಿಯದಿದ್ದರೆ ಲೈನ್ ಇಲ್ಲಿಯವರೆಗೇ ಬಂದಿಲ್ಲ, ಫ್ಯೂಸಿನ ಕಡೆಗೆ ಹಿಂದೆ ಹೋಗಬೇಕು. ಉರಿದರೆ, ಫ್ಯೂಸ್ ಸೇರಿಸಿದ ಒಂದು ತುಂಡು ವೈರಿನಿಂದ ಆ ಎರಡು ತೂತುಗಳನ್ನು ಕೂಡಿಸಿ. ಹಿಂದೆ ದೀಪ ಬೆಳಗಿತೇ? ಹಾಗಾದರೆ ಸ್ವಿಚ್ಚೇ ಕೆಟ್ಟಿದೆ. ಬೆಳಗಲಿಲ್ಲವೇ? ದೋಷ ಇಲ್ಲಿಂದ ಹಿಂದಿನ ದೀಪದವರೆಗಿನ ವೈರು, ಹೋಲ್ಡರ್ ಅಥವಾ ಅರ್ಥಿಂಗಿನಲ್ಲಿದೆ. ಇದಕ್ಕೆ ಐದು ನಿಮಿಷ ಸಾಕು, ಊಹೆಗೆ ಜಾಗವಿಲ್ಲ. ಪಿನ್ನುಗಳು ಎರಡಕ್ಕಿಂತ ಹೆಚ್ಚಿರುವ ಆಟೊಮ್ಯಾಟಿಕ್ ಗಾಡಿಯ ಕಪ್ಲರಿನಲ್ಲಿ ಮಾತ್ರ ಹೀಗೆ ತುಂಡು ವೈರು ಸಿಕ್ಕಿಸಬಾರದು.

ಸ್ವಿಚ್ಚು ಬದಲಿಸುವುದು ಕಷ್ಟದ ಕೆಲಸವಲ್ಲ, ಆದರೆ ಮೂರು ಕಡೆ ಜನ ಎಡವುತ್ತಾರೆ. ಕೆಲವು ಗಾಡಿಗಳಲ್ಲಿ ಸ್ವಿಚ್ಚು ಎಣ್ಣೆಯ ಮಟ್ಟಕ್ಕಿಂತ ಕೆಳಗಿರುತ್ತದೆ. ಬಿಚ್ಚಿದ ಕೂಡಲೇ ಗೇರ್ ಆಯಿಲ್ ಸುರಿಯುತ್ತದೆ, ಅಡಿಗೆ ತಟ್ಟೆ ಇಟ್ಟಿರಬೇಕು, ಮುಗಿದ ಮೇಲೆ ಮಟ್ಟ ನೋಡಿ ತುಂಬಬೇಕು. ಎರಡನೆಯದು ವಾಷರ್. ಹಳೆಯದರ ಮೇಲೆ ಹೊಸದು ಸೇರಿಸಿ ಎರಡು ವಾಷರ್ ಹಾಕಿದರೆ ಸ್ವಿಚ್ಚು ಒಂದೆರಡು ಮಿಲಿಮೀಟರ್ ಹೊರಗೇ ಉಳಿದು, ಒಳಗಿನ ಶಾಫ್ಟು ಗುಂಡನ್ನು ಪೂರ್ತಿ ಒತ್ತುವುದಿಲ್ಲ. ಹೊಸ ಸ್ವಿಚ್ಚು ಹಾಕಿದರೂ ದೀಪ ಮಿಣುಕುವುದಕ್ಕೆ ಇದು ಕಾರಣವಾಗಬಹುದು. ಮೂರನೆಯದು ಬಿಗಿ. ಗೇರ್‌ಬಾಕ್ಸಿನ ಕವಚ ಅಲ್ಯೂಮಿನಿಯಂ, ಸ್ವಿಚ್ಚು ಉಕ್ಕು ಅಥವಾ ಹಿತ್ತಾಳೆ. ಉದ್ದನೆ ಸ್ಪ್ಯಾನರಿನಲ್ಲಿ ಮೈಭಾರ ಹಾಕಿದರೆ ಹೋಗುವುದು ಕವಚದ ತಿರುಪಿನ ಮರೆ. ಮೊದಲ ನಾಲ್ಕು ಸುತ್ತು ಬೆರಳಲ್ಲೇ ತಿರುಗಬೇಕು, ಆಮೇಲೆ ಹದವಾದ ಬಿಗಿ. ಗೇರ್ ಕೋಲನ್ನು ಕೈಯಲ್ಲಿ ಒತ್ತಿ ಹಿಡಿದಾಗ ಮಾತ್ರ ದೀಪ ಉರಿಯುತ್ತದೆ ಎಂದಾದರೆ ಸ್ವಿಚ್ಚಿನ ಗುಂಡು ಸವೆದಿರಬಹುದು, ಗೇರ್ ಕೇಬಲ್ಲಿನ ಹೊಂದಾಣಿಕೆ ತಪ್ಪಿ ಗೇರೇ ಪೂರ್ತಿ ಬೀಳದಿರಬಹುದು. ಎರಡನ್ನೂ ನೋಡಬೇಕು.

ಇಷ್ಟೆಲ್ಲ ಹೇಳಿದರೂ, ನಮ್ಮ ಕಡೆ ದೊಡ್ಡ ಅಪರಾಧಿ ಸ್ವಿಚ್ಚಲ್ಲ, ತೇವ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮೀರಿ ಮಳೆ ಬೀಳುತ್ತದೆ. ಸುತ್ತಲಿನ ತಾಲೂಕುಗಳಲ್ಲಿ ಅಷ್ಟಿಲ್ಲದಿದ್ದರೂ ತಿಂಗಳುಗಟ್ಟಲೆ ಗಾಳಿಯೇ ಒದ್ದೆ. ಚರ್ಮದ ಚಪ್ಪಲಿಗೆ ಬೂಸ್ಟು ಹಿಡಿಯುವ ಮನೆಯಲ್ಲಿ ನಿಂತ ಕಾರಿನ ತಾಮ್ರಕ್ಕೆ ಕಿಲುಬು ಹಿಡಿಯದಿರುತ್ತದೆಯೇ?

ಹಿಂದಿನ ದೀಪದ ಕಪ್ಲರ್ ಕಳಚಿ ಹತ್ತಿರದಿಂದ ನೋಡಿ. ಆರೋಗ್ಯದ ಪಿನ್ನು ಹೊಳೆಯುವ ಬೆಳ್ಳಿ ಅಥವಾ ಹಿತ್ತಾಳೆ ಬಣ್ಣಕ್ಕಿರುತ್ತದೆ. ಕೆಟ್ಟದ್ದರ ಬುಡದಲ್ಲಿ ಪಾಚಿಯಂತೆ ಹಸಿರು, ಅದರ ಸುತ್ತ ಬಿಳಿ ಹುಡಿ. ಅರ್ಥಿಂಗ್ ಪಿನ್ನಿನ ಪ್ಲಾಸ್ಟಿಕ್ ಕಂದು ತಿರುಗಿ ಕೊಂಚ ಕರಗಿದ್ದರೆ ಅಲ್ಲಿ ಬಹುಕಾಲದಿಂದ ಬಿಸಿ ಹುಟ್ಟಿದೆ. ಸಡಿಲ ಕಾಂಟ್ಯಾಕ್ಟು ಬಿಸಿಯಾಗುತ್ತದೆ, ಬಿಸಿಗೆ ಪಿನ್ನಿನ ಸ್ಪ್ರಿಂಗು ಸತ್ತು ಇನ್ನಷ್ಟು ಸಡಿಲವಾಗುತ್ತದೆ. ಅದನ್ನು ಉಜ್ಜಿ ಪ್ರಯೋಜನವಿಲ್ಲ, ಹೋಲ್ಡರನ್ನೇ ಬದಲಿಸಬೇಕು. ಬರೀ ಹಸಿರಾಗಿದ್ದರೆ ಕಾಂಟ್ಯಾಕ್ಟ್ ಕ್ಲೀನರ್ ಸಿಂಪಡಿಸಿ, ಹಳೆ ಹಲ್ಲುಜ್ಜುವ ಬ್ರಷ್ಷಿನಲ್ಲಿ ತಿಕ್ಕಿ, ನಯವಾದ ಉಜ್ಜುಕಾಗದದ ಪಟ್ಟಿ ಆಡಿಸಿ, ಒಣಗಿಸಿ, ತೇವ ತಡೆಯುವ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ ಮುಚ್ಚಿ. ವೈರಿನ ತುದಿ ಒಂದಿಷ್ಟು ಸುಲಿದು ನೋಡಲೂ ಮರೆಯಬಾರದು. ನೀರು ಪ್ಲಾಸ್ಟಿಕ್ ಹೊದಿಕೆಯೊಳಗೆ ಎಳೆಗಳ ನಡುವೆ ದೀಪದ ಬತ್ತಿಗೆ ಎಣ್ಣೆ ಏರಿದಂತೆ ಏರುತ್ತದೆ, ಒಳಗೆ ತಾಮ್ರ ಕಪ್ಪಾಗುತ್ತದೆ. ಕಪ್ಪು ತಾಮ್ರಕ್ಕೆ ಬೆಸುಗೆಯೂ ಹಿಡಿಯುವುದಿಲ್ಲ, ಹೆಣೆದು ಸುತ್ತಿದ ಜೋಡಣೆಯೂ ಉಳಿಯುವುದಿಲ್ಲ. ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ತುಂಡು ಸೇರಿಸಬೇಕು.

ಮೀಟರ್ ಮೋಸ ಮಾಡುವುದು ಸರಿಯಾಗಿ ಇಲ್ಲೇ. ಬಲ್ಬ್ ತೆಗೆದ ಹೋಲ್ಡರಿನಲ್ಲಿ ಅಳೆದರೆ 12 ವೋಲ್ಟ್ ತೋರಿಸುತ್ತದೆ, ಬಲ್ಬ್ ಹಾಕಿದರೆ ಉರಿಯುವುದಿಲ್ಲ. ಹತ್ತಾರು ಎಳೆಗಳಲ್ಲಿ ಒಂದೇ ಎಳೆ ಉಳಿದ ವೈರೂ ಮೀಟರಿಗೆ ಬೇಕಾದಷ್ಟು ಕೊಡಬಲ್ಲದು, ಏಕೆಂದರೆ ಮೀಟರ್ ಕರೆಂಟು ಎಳೆಯುವುದೇ ಇಲ್ಲವೆನ್ನಬಹುದು. ಭಾರ ಹೊರಿಸಿದಾಗಷ್ಟೇ ವೈರಿನ ಬಲ ತಿಳಿಯುವುದು. ಆದ್ದರಿಂದ ಬಲ್ಬನ್ನು ಜಾಗದಲ್ಲೇ ಇಟ್ಟು, ರಿವರ್ಸ್ ಹಾಕಿ, ಹೋಲ್ಡರಿನ ಹಿಂಬದಿಯಿಂದ ಅಳೆಯಬೇಕು. ಮೀಟರನ್ನು 20 ವೋಲ್ಟ್ ಡಿಸಿಗೆ ಇಟ್ಟು, ಕೆಂಪು ಕಡ್ಡಿಯನ್ನು ಬಲ್ಬಿನ ಅರ್ಥಿಂಗ್ ಪಿನ್ನಿಗೆ, ಕಪ್ಪು ಕಡ್ಡಿಯನ್ನು ಬಾಡಿಯ ಬಣ್ಣವಿಲ್ಲದ ಬೋಲ್ಟಿಗೆ ಹಿಡಿಯಿರಿ. ಸೊನ್ನೆಯ ಹತ್ತಿರ, ಹೆಚ್ಚೆಂದರೆ 0.2 ವೋಲ್ಟ್ ಇರಬೇಕು. ಮೂರು ನಾಲ್ಕು ವೋಲ್ಟ್ ತೋರಿಸಿದರೆ ದೀಪಕ್ಕೆ ಸೇರಬೇಕಾದ್ದನ್ನು ಅರ್ಥಿಂಗೇ ತಿನ್ನುತ್ತಿದೆ. ಲೈನಿನ ಕಡೆ ಬ್ಯಾಟರಿಯ 12.5ಕ್ಕೆ ಹೋಲ್ಡರಿನಲ್ಲಿ 12 ಸಿಕ್ಕರೆ ಪರವಾಗಿಲ್ಲ, 9 ಸಿಕ್ಕರೆ ನಡುವೆ ಎಲ್ಲೋ ಹುಳುಕಿದೆ.

ಅರ್ಥಿಂಗ್ ಹೋದ ಗಾಡಿಯ ಹಿಂಬದಿ ವಿಚಿತ್ರವಾಗಿ ವರ್ತಿಸುತ್ತದೆ. ಬ್ರೇಕ್ ಒತ್ತಿದರೆ ರಿವರ್ಸ್ ಲೈಟ್ ಮಂದವಾಗಿ ಬೆಳಗುತ್ತದೆ, ರಿವರ್ಸ್ ಹಾಕಿದರೆ ಟೇಲ್ ಲ್ಯಾಂಪ್ ಕೆಂಪಗೆ ಮಿಣುಕುತ್ತದೆ. ಒಂದು ಗೂಡಿನ ದೀಪಗಳಿಗೆಲ್ಲ ಸಾಮಾನ್ಯವಾಗಿ ಒಂದೇ ಅರ್ಥಿಂಗ್ ವೈರು. ಅದು ಕಡಿದಾಗ ಕರೆಂಟು ಪಕ್ಕದ ಬಲ್ಬಿನ ತಂತಿಯೊಳಗೆ ನುಸುಳಿ ಬೇರೆ ದಾರಿಯಿಂದ ಬಾಡಿ ಸೇರಲು ನೋಡುತ್ತದೆ. ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ. ಅರ್ಥಿಂಗ್ ಪಿನ್ನಿನಿಂದ ಬಾಡಿಯ ಬರಿ ಲೋಹಕ್ಕೆ ಒಂದು ತುಂಡು ವೈರು ಹಿಡಿಯಿರಿ. ಎಲ್ಲ ದೀಪ ಒಮ್ಮೆಗೇ ಸರಿಹೋದರೆ, ಡಿಕ್ಕಿಯ ಪಕ್ಕದ ಮುಚ್ಚಳ ತೆಗೆದು ಆ ಬೋಲ್ಟ್ ಬಿಚ್ಚಿ, ಬಣ್ಣ ತುಕ್ಕು ಕೆರೆದು ಬರಿ ಲೋಹ ಮಾಡಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಮೇಲೆ ಗ್ರೀಸ್ ಸವರಿ.

ದೀಪ ಡಿಕ್ಕಿ ಬಾಗಿಲ ಮೇಲೇ ಇರುವ ಗಾಡಿಗಳಲ್ಲಿ ಇನ್ನೊಂದು ಜಾಗವಿದೆ: ಬಾಗಿಲಿಗೂ ಬಾಡಿಗೂ ನಡುವಿನ ರಬ್ಬರ್ ಕೊಳವೆ. ದಿನಾ ತೆರೆದು ಮುಚ್ಚುವಾಗ ಅದರೊಳಗಿನ ವೈರುಗಳು ಒಂದೇ ಕಡೆ ಮಡಚಿ ಮಡಚಿ ಕಡಿಯುತ್ತವೆ. ಹೊದಿಕೆ ಇಡಿಯಾಗಿ ಕಂಡರೂ ಒಳಗಿನ ತಾಮ್ರ ತುಂಡಾಗಿರುತ್ತದೆ. ರಿವರ್ಸ್ ಹಾಕಿ ಬಾಗಿಲನ್ನು ನಿಧಾನ ಎತ್ತಿ ಇಳಿಸಿ. ನಡುವೆ ಎಲ್ಲೋ ಮಿಣುಕಿದರೆ ಕೊಳವೆಯ ತುದಿ ಬಿಡಿಸಿ ಪ್ರತಿ ವೈರನ್ನೂ ಮೆಲ್ಲನೆ ಎಳೆದು ನೋಡಿ. ಕಡಿದದ್ದು ರಬ್ಬರಿನಂತೆ ಹಿಗ್ಗುತ್ತದೆ.

ಇಲಿಯನ್ನು ಬಿಟ್ಟರೆ ಮಲೆನಾಡಿನ ವೈರಿಂಗ್ ಮಾತು ಮುಗಿಯುವುದಿಲ್ಲ. ಅಡಿಕೆ, ಭತ್ತ ಇಟ್ಟ ಮಾಡಿನ ಕೆಳಗೇ ಕಾರು. ಮಳೆ ಜೋರಾದರೆ ಬೆಚ್ಚಗಿನ ಗೇರ್‌ಬಾಕ್ಸಿನ ಮೇಲೆ ಇಲಿಯ ಗೂಡು. ಸ್ವಿಚ್ಚಿನ ವೈರು ಅದರ ಬಾಯಿಗೆ ಎಟಕುವಷ್ಟು ಹತ್ತಿರ. ಕಡಿದ ತುದಿಗಳನ್ನು ಬರೀ ಟೇಪ್ ಸುತ್ತಿ ಬಿಡಬೇಡಿ, ಬಿಸಿ ಎಣ್ಣೆಯ ಹತ್ತಿರ ಟೇಪಿನ ಅಂಟು ಬಿಟ್ಟುಕೊಳ್ಳುತ್ತದೆ. 1 ಚದರ ಮಿಲಿಮೀಟರಿನ ವೈರು ಸೇರಿಸಿ, ಬೆಸುಗೆ ಹಾಕಿ, ಒಳಗೆ ಅಂಟು ಸವರಿರುವ ಹೀಟ್ ಶ್ರಿಂಕ್ ಸ್ಲೀವ್ (ಬಿಸಿಗೆ ಕುಗ್ಗುವ ಕೊಳವೆ) ಹಾಕಿ ಕಾಯಿಸಿ, ಮೇಲೆ ಸುರುಳಿ ಕೊಳವೆ ತೊಡಿಸಿ. ಹೊರಗಿನಿಂದ ಕ್ಯಾಮೆರಾ, ರಿವರ್ಸ್ ಹಾರ್ನ್ ಹಾಕಿಸಿದ ಗಾಡಿಗಳಲ್ಲಿ ಅವುಗಳಿಗೆ ಲೈನ್ ಎಳೆದ ಜಾಗವನ್ನೂ ಬಿಚ್ಚಿ ನೋಡಿ. ಮೂಲ ವೈರನ್ನು ಕಚ್ಚಿ ಹಿಡಿಯುವ ಸಣ್ಣ ಕ್ಲಿಪ್ಪು ಎಳೆಗಳನ್ನು ಕೊಯ್ದಿರುತ್ತದೆ, ಕೊಯ್ದ ಜಾಗದಿಂದ ನೀರು ಒಳಗೆ ಹೋಗಿರುತ್ತದೆ.

ಎಲ್‌ಇಡಿ ಬಲ್ಬ್ ಹಾಕಿದರೆ ಉರಿಯಿತು, ಹಾಗಾಗಿ ಸಮಸ್ಯೆ ಮುಗಿಯಿತು ಎನ್ನುವುದನ್ನು ಒಪ್ಪಲಾಗದು. ಎಲ್‌ಇಡಿ ಎಳೆಯುವ ಕರೆಂಟು ತೀರ ಕಡಿಮೆ, ಹುಳುಕು ಅರ್ಥಿಂಗಿನಲ್ಲೂ ಬೆಳಗುತ್ತದೆ. ರೋಗ ಹಾಗೇ ಉಳಿದು, ಬ್ರೇಕ್ ಲೈಟಿನಲ್ಲಿ ಕಾಣಿಸಿಕೊಳ್ಳುತ್ತದೆ. ಮೊದಲು ಮಾಮೂಲಿ ಬಲ್ಬಿನಲ್ಲಿ ಲೈನ್ ಸರಿಮಾಡಿ, ಆಮೇಲೆ ಬೇಕಾದರೆ ಎಲ್‌ಇಡಿ. ಹೆಚ್ಚು ಬೆಳಕಿನ ಆಸೆಗೆ 55 ವ್ಯಾಟಿನ ಬಲ್ಬ್ ತುರುಕುವುದಂತೂ ಬೇಡವೇ ಬೇಡ, ಹೋಲ್ಡರೂ ದೀಪದ ಪ್ಲಾಸ್ಟಿಕ್ ಮುಚ್ಚಳವೂ ಕರಗುತ್ತವೆ.

ಬಾಡಿ ಕಂಪ್ಯೂಟರ್ ಇರುವ ಗಾಡಿಯಲ್ಲಿ ದೀಪದ ವೈರಿಗೆ ಬ್ಯಾಟರಿಯಿಂದ ನೇರ ಲೈನ್ ಕೊಟ್ಟು ನೋಡುವ ಹಳೆ ಅಭ್ಯಾಸ ಬಿಡಬೇಕು, ಕಂಪ್ಯೂಟರಿನ ಔಟ್‌ಪುಟ್ ಸುಡಬಹುದು. ದೀಪದ ಕಪ್ಲರ್ ಕಳಚಿ ಬಲ್ಬಿನ ಬದಿಗೆ ಮಾತ್ರ ಕೊಟ್ಟು ಪರೀಕ್ಷಿಸಿ. ಬಲ್ಬು, ಹೋಲ್ಡರ್, ಅರ್ಥಿಂಗ್ ಮೂರೂ ಸರಿಯಿದ್ದು ಲೈನ್ ಬರದಿದ್ದರೆ ಸ್ಕ್ಯಾನರ್ ಇರುವವರ ಹತ್ತಿರ ಹೋಗಿ, ಕಂಪ್ಯೂಟರಿಗೆ ರಿವರ್ಸ್ ಗೇರಿನ ಸುದ್ದಿ ಮುಟ್ಟುತ್ತಿದೆಯೇ ಎಂದು ಮೊದಲು ಕೇಳಿ.

ಉಲ್ಟಾ ಕಾಯಿಲೆಯೂ ಉಂಟು: ಯಾವ ಗೇರಿನಲ್ಲೂ ದೀಪ ಆರುವುದಿಲ್ಲ. ಇದನ್ನು ನಾಳೆಗೆ ಇಡಬೇಡಿ. ಘಾಟಿಯ ತಿರುವಿನಲ್ಲಿ ಮುಂದಿನ ಗಾಡಿಯ ಹಿಂದೆ ಬಿಳಿ ಬೆಳಕು ಕಂಡರೆ ಹಿಂದಿನವರು ಅದು ತಮ್ಮ ಕಡೆಗೇ ಬರುತ್ತಿದೆ ಎಂದು ತಿಳಿದು ಬ್ರೇಕ್ ತುಳಿಯುತ್ತಾರೆ. ಸ್ವಿಚ್ಚಿನ ಕಪ್ಲರ್ ಕಳಚಿ. ಆರಿದರೆ ಸ್ವಿಚ್ಚು ಒಳಗೇ ಕಚ್ಚಿಕೊಂಡಿದೆ, ಆರದಿದ್ದರೆ ಲೈನ್ ವೈರಿಗೂ ದೀಪದ ವೈರಿಗೂ ಎಲ್ಲೋ ತಾಗುತ್ತಿದೆ. ಹೊಸ ಸ್ವಿಚ್ಚು ಬರುವವರೆಗೆ ಕಪ್ಲರ್ ಕಳಚಿಟ್ಟು ಓಡಿಸಬಹುದು, ತೆರೆದ ಬಾಯಿಗೆ ಪ್ಲಾಸ್ಟಿಕ್ ಕಟ್ಟಿ.

ಎಲ್ಲ ಮುಗಿದ ಮೇಲೆ ಮುಚ್ಚಳಗಳನ್ನು ಹಾಕುವ ಮೊದಲು ದೀಪದ ಗೂಡಿನ ಮೇಲೆ ಒಂದು ಕೊಡ ನೀರು ಹೊಯ್ದು ಹತ್ತು ನಿಮಿಷ ಬಿಡಿ. ಒಳಗಿನ ಬದಿಯಲ್ಲಿ ಗ್ಯಾಸ್ಕೆಟ್ ಸುತ್ತ ಬೆರಳಾಡಿಸಿ ನೋಡಿ. ತೇವ ತಾಗಿದರೆ ಗ್ಯಾಸ್ಕೆಟ್ ಬದಲಿಸಿ. ಗೂಡಿನ ತಳದಲ್ಲಿ ಕಂಪನಿಯವರೇ ಬಿಟ್ಟ ಉಸಿರಿನ ತೂತನ್ನು ಮಾತ್ರ ಸಿಲಿಕೋನ್ ಹಾಕಿ ಮುಚ್ಚಬೇಡಿ. ಒಳಗೆ ಹೋದ ಹಬೆಗೆ ಹೊರಬರಲು ಇರುವ ದಾರಿ ಅದು. ಕೈಗೆ ಒಣಗಿದ್ದೇ ತಾಗಿದರೆ ಮತ್ತೊಮ್ಮೆ ರಿವರ್ಸ್ ಹಾಕಿ, ಗೋಡೆ ನೋಡಿ, ಮುಚ್ಚಳ ಬಿಗಿಯಿರಿ.